ಎಚ್‌ಡಿಆರ್ ಆನ್ ಮಾಡಿದರೆ ಗೇಮ್ ಮಂಕಾಗುತ್ತಿದೆಯೇ? ಟಿವಿಯಿಂದ ಶುರು ಮಾಡಿ, ಗೇಮ್‌ನಲ್ಲಿ ಮುಗಿಸಿ

ಎಚ್‌ಡಿಆರ್ (ಬೆಳಕು ಮತ್ತು ಕತ್ತಲೆಯ ಅಂತರವನ್ನು ಹೆಚ್ಚಾಗಿ ತೋರಿಸುವ ಚಿತ್ರ ವಿಧಾನ) ಆನ್ ಮಾಡಿದ ಮೇಲೆ ಗೇಮ್ ಮೊದಲಿಗಿಂತ ಮಂಕಾಗಿದೆ. ಮೋಡಗಳು ಬರೀ ಬಿಳಿ ಮುದ್ದೆಗಳಾಗಿವೆ. ಗುಹೆಯೊಳಗೆ ಹೋದರೆ ಏನೂ ಕಾಣುವುದಿಲ್ಲ. ಈ ಮೂರೂ ದೂರುಗಳ ಬುಡ ಹಿಡಿದು ಹೋದರೆ ಸಿಗುವುದು ಬಹುಪಾಲು ಒಂದೇ ತಪ್ಪು: ಹೊಂದಿಸುವ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಕನ್ಸೋಲಿನ (ಪಿಎಸ್‌5, ಎಕ್ಸ್‌ಬಾಕ್ಸ್‌ನಂಥ ಗೇಮ್ ಯಂತ್ರದ) ಎಚ್‌ಡಿಆರ್ ಅಳತೆ ಪರದೆಗೆ ಹೋಗಿ ಬಾಣದ ಗುಂಡಿ ಒತ್ತುತ್ತಾರೆ, ಆಮೇಲೆ ಟಿವಿಯ ಪಿಕ್ಚರ್ ಮೋಡ್ ಬದಲಿಸುತ್ತಾರೆ. ಮೋಡ್ ಬದಲಾದ ಗಳಿಗೆಯಲ್ಲೇ ಕನ್ಸೋಲಿನಲ್ಲಿ ಮಾಡಿದ ಅಳತೆ ಸುಳ್ಳಾಗುತ್ತದೆ.

ಸರಿಯಾದ ಸಾಲು ಹೀಗಿದೆ: ಕೇಬಲ್, ಟಿವಿಯ ಪೋರ್ಟ್, ಟಿವಿಯ ಚಿತ್ರ, ಕನ್ಸೋಲ್, ಕೊನೆಗೆ ಗೇಮ್. ನಡುವೆ ಒಂದನ್ನು ಬದಲಿಸಿದರೆ ಅದರ ನಂತರದ್ದೆಲ್ಲವನ್ನೂ ಮತ್ತೆ ಮಾಡಬೇಕು.

ಕೈ ಹಚ್ಚುವ ಮುನ್ನ ಎರಡು ಮಾತು

ಸಾಮಾನ್ಯ ಚಿತ್ರದ, ಅಂದರೆ ಎಚ್‌ಡಿಆರ್ ಅಲ್ಲದ ಚಿತ್ರದ, ಸಿಗ್ನಲ್ ಟಿವಿಗೆ ಹೇಳುವುದು "ಇದು ಪೂರ್ತಿ ಬಿಳುಪು, ಇದು ಅರ್ಧ ಬಿಳುಪು" ಎಂದಷ್ಟೇ. ಅದಕ್ಕೆ ಎಷ್ಟು ಬೆಳಕು ಕೊಡಬೇಕೆಂಬುದು ನಿಮ್ಮ ರಿಮೋಟಿನ ಕೈಯಲ್ಲಿ ಇರುತ್ತದೆ. ಎಚ್‌ಡಿಆರ್‌ನ ಹೆಚ್ಚು ಬಳಕೆಯ ರೂಪವಾದ ಎಚ್‌ಡಿಆರ್10 ಹಾಗಲ್ಲ. ಅದು ಪ್ರತಿ ಬಿಂದುವಿಗೂ ಇಷ್ಟೇ ನಿಟ್ಸ್ (ಪರದೆಯ ಪ್ರಖರತೆಯ ಅಳತೆ) ಬೆಳಕು ಎಂದು ಲೆಕ್ಕ ಹಾಕಿ ಕಳಿಸುತ್ತದೆ, 10,000 ನಿಟ್ಸ್‌ವರೆಗೆ. ಮಟಮಟ ಮಧ್ಯಾಹ್ನ ಬಾಗಿಲು ತೆರೆದ ಪಡಸಾಲೆಯಲ್ಲಿ ನೀವು ಸಾಮಾನ್ಯ ಚಿತ್ರದ ಬ್ಯಾಕ್‌ಲೈಟ್ ಪೂರ್ತಿ ಏರಿಸಿ ನೋಡುತ್ತಿರುತ್ತೀರಿ. ಎಚ್‌ಡಿಆರ್ ಬಂದೊಡನೆ ನಡು ಬೆಳಕಿನ ಭಾಗಗಳು ತಮ್ಮ ನಿಗದಿತ ಅಳತೆಗೆ ಇಳಿಯುತ್ತವೆ. "ಮಂಕಾಯಿತು" ಅನ್ನಿಸುವುದು ಅದಕ್ಕೇ. ಟಿವಿ ಕೆಟ್ಟಿಲ್ಲ.

ಎರಡನೆಯದು ಟೋನ್ ಮ್ಯಾಪಿಂಗ್. ಗೇಮ್ 1,000 ನಿಟ್ಸ್ ಸೂರ್ಯನನ್ನು ಕಳಿಸುತ್ತದೆ, ಟಿವಿಯ ತಾಕತ್ತು 400 ನಿಟ್ಸ್ ಎಂದಿಟ್ಟುಕೊಳ್ಳಿ. ಹೆಚ್ಚಾದುದನ್ನು ಯಾರಾದರೊಬ್ಬರು ಕುಗ್ಗಿಸಲೇಬೇಕು. ಈ ಕೆಲಸವನ್ನು ಕನ್ಸೋಲೂ ಮಾಡಬಲ್ಲದು, ಟಿವಿಯೂ ಮಾಡಬಲ್ಲದು. ಇಬ್ಬರೂ ಮಾಡಿದರೆ ಎತ್ತು ಏರಿಗೆ, ಕೋಣ ನೀರಿಗೆ. ಇಡೀ ಹೊಂದಾಣಿಕೆಯ ತಿರುಳು ಇಷ್ಟೇ: ಕುಗ್ಗಿಸುವ ಕೆಲಸ ಒಬ್ಬರಿಗೆ ಮಾತ್ರ ಕೊಡಿ, ಆ ಒಬ್ಬರು ಕನ್ಸೋಲ್ ಆಗಿರಲಿ. ಗೇಮ್‌ನ ದೃಶ್ಯ ಹುಟ್ಟುವುದೇ ಅಲ್ಲಿ, ಯಾವುದನ್ನು ಉಳಿಸಬೇಕೆಂಬುದು ಅದಕ್ಕೇ ಚೆನ್ನಾಗಿ ಗೊತ್ತು.

ಬೇಕಾಗುವ ಸಾಮಾನು, ಬೇಕಾಗುವ ಹೊತ್ತು

ಟಿವಿಯ ರಿಮೋಟ್, ಕನ್ಸೋಲಿನ ಕಂಟ್ರೋಲರ್, ಕನ್ಸೋಲ್ ಪೆಟ್ಟಿಗೆಯಲ್ಲೇ ಬಂದ ಎಚ್‌ಡಿಎಂಐ ಕೇಬಲ್, ಒಂದು ಚೀಟಿ, ಒಂದು ಪೆನ್ನು. ಹಗಲಿನ ಬಯಲು ಮತ್ತು ಕತ್ತಲ ಕೋಣೆ ಎರಡೂ ಇರುವ ಎಚ್‌ಡಿಆರ್ ಗೇಮ್ ಒಂದು. ಸುಮಾರು ಮುಕ್ಕಾಲು ಗಂಟೆ ಬಿಡುವು.

ಹೊತ್ತು ಮುಖ್ಯ. ರಾಯಚೂರು, ಬಳ್ಳಾರಿಯ ಬೇಸಿಗೆ ಮಧ್ಯಾಹ್ನದಲ್ಲಿ ಕಿಟಕಿ ಮುಚ್ಚಿದರೂ ಬೆಳಕು ಒಳಗೆ ನುಗ್ಗುತ್ತದೆ. ಆಗ ಕಪ್ಪಿನ ಅಳತೆ ಮಾಡಿದರೆ ಪರದೆಯ ಮೇಲಿನ ಗುರುತು ಕಣ್ಣಿಗೆ ಬೀಳುವುದಿಲ್ಲ. ಅದು ಕಾಣಲೆಂದು ಕಪ್ಪನ್ನು ಏರಿಸುತ್ತೀರಿ, ರಾತ್ರಿ ನೋಡಿದರೆ ಕಪ್ಪೆಲ್ಲ ಬೂದಿ ಬಣ್ಣ. ಹಾಗಾಗಿ ಕತ್ತಲಾದ ಮೇಲೆಯೇ ಕೂರಿ. ಟಿವಿಯ ಎದುರು ಗೋಡೆಯ ಟ್ಯೂಬ್‌ಲೈಟ್ ಆರಿಸಿ, ಪಕ್ಕದ ಕೋಣೆಯದ್ದು ಉರಿಯುತ್ತಿದ್ದರೆ ಸಾಕು. ಟಿವಿ ಹತ್ತು ನಿಮಿಷ ಓಡಿರಲಿ.

ಹಂತ 1: ಟಿವಿಗೆ ನಿಜಕ್ಕೂ ತಾಕತ್ತಿದೆಯೇ ನೋಡಿ

ಪೆಟ್ಟಿಗೆಯ ಮೇಲೆ ಎಚ್‌ಡಿಆರ್10 ಎಂದಿದ್ದರೆ ಆ ಸಿಗ್ನಲ್ ಟಿವಿಗೆ ಅರ್ಥವಾಗುತ್ತದೆ ಎಂದಷ್ಟೇ ಅರ್ಥ. ಅದನ್ನು ತೋರಿಸುವ ಬೆಳಕು ಅದರಲ್ಲಿದೆ ಎಂದಲ್ಲ. ಕಡಿಮೆ ಬೆಲೆಯ ಎಷ್ಟೋ 4ಕೆ ಟಿವಿಗಳು 250ರಿಂದ 350 ನಿಟ್ಸ್ ದಾಟುವುದಿಲ್ಲ, ಲೋಕಲ್ ಡಿಮ್ಮಿಂಗ್ ಕೂಡ ಇರುವುದಿಲ್ಲ. ಲೋಕಲ್ ಡಿಮ್ಮಿಂಗ್ ಎಂದರೆ ಪರದೆಯ ಹಿಂದಿನ ಬೆಳಕನ್ನು ಭಾಗ ಭಾಗವಾಗಿ ಏರಿಸಿ ಇಳಿಸುವುದು. ಅದಿಲ್ಲದ ಟಿವಿಯಲ್ಲಿ ಮೂಲೆಯೊಂದರ ದೀಪ ಬೆಳಗಿಸಲು ಇಡೀ ಪರದೆಯ ಬೆಳಕು ಏರುತ್ತದೆ, ಕಪ್ಪು ಬೆಳ್ಳಗಾಗುತ್ತದೆ.

ನಿಮ್ಮದು ಅಂಥ ಟಿವಿಯಾಗಿದ್ದರೆ ಕೆಳಗಿನ ಹಂತಗಳನ್ನೆಲ್ಲ ಒಮ್ಮೆ ಮಾಡಿ ನೋಡಿ. ಆಮೇಲೂ ಸಮಾಧಾನವಾಗದಿದ್ದರೆ ಎಚ್‌ಡಿಆರ್ ಆಫ್ ಮಾಡಿ ಆಡುವುದೇ ಸರಿ. ಚೆನ್ನಾಗಿ ಹೊಂದಿಸಿದ ಸಾಮಾನ್ಯ ಚಿತ್ರ ಅರೆಬರೆ ಎಚ್‌ಡಿಆರ್‌ಗಿಂತ ಎಷ್ಟೋ ಮೇಲು. ಸುಮಾರು 600 ನಿಟ್ಸ್ ಮತ್ತು ಲೋಕಲ್ ಡಿಮ್ಮಿಂಗ್ ಇರುವ ಟಿವಿಯಲ್ಲಿ, ಅಥವಾ ಪ್ರತಿ ಬಿಂದುವೂ ತಾನೇ ಬೆಳಗುವ ಒಎಲ್‌ಇಡಿಯಲ್ಲಿ, ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ.

ಇನ್ನೊಂದು ತಪಾಸಣೆ. ಅಂಗಡಿಯ ಪ್ರದರ್ಶನಕ್ಕಿಟ್ಟಿದ್ದ ಟಿವಿಯನ್ನು ರಿಯಾಯಿತಿಯಲ್ಲಿ ಕೊಂಡಿದ್ದರೆ ಅದು ಸ್ಟೋರ್ ಮೋಡ್ ಅಥವಾ ಡೆಮೊ ಮೋಡ್‌ನಲ್ಲೇ ಉಳಿದಿರಬಹುದು. ಆ ಮೋಡ್‌ನಲ್ಲಿ ನೀವು ಹೊಂದಿಸಿದ್ದೆಲ್ಲ ಸ್ವಲ್ಪ ಹೊತ್ತಿಗೆ ತಾನಾಗಿ ಅಳಿಸಿಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹೋಮ್ ಮೋಡ್‌ಗೆ ಬದಲಿಸಿದ ಮೇಲೆಯೇ ಮುಂದುವರಿಯಿರಿ.

ಹಂತ 2: ಕೇಬಲ್ ಮತ್ತು ಪೋರ್ಟ್

ಅತಿ ಹೆಚ್ಚು ಜನ ಎಡವುವ ಜಾಗ ಇದು.

ಕೇಬಲ್: 4ಕೆ, ಸೆಕೆಂಡಿಗೆ 60 ಫ್ರೇಮ್, ಎಚ್‌ಡಿಆರ್ ಬೇಕಿದ್ದರೆ 18 ಜಿಬಿಪಿಎಸ್ (ಸೆಕೆಂಡಿಗೆ ಗಿಗಾಬಿಟ್) ಹೊರುವ ಪ್ರೀಮಿಯಂ ಹೈ ಸ್ಪೀಡ್ ಕೇಬಲ್ ಬೇಕು. 120 ಫ್ರೇಮ್ ಬೇಕಿದ್ದರೆ 48 ಜಿಬಿಪಿಎಸ್ ಹೊರುವ ಅಲ್ಟ್ರಾ ಹೈ ಸ್ಪೀಡ್ ಕೇಬಲ್. ಪಿಎಸ್‌5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಜೊತೆ ಬರುವುದು ಈ ಎರಡನೆಯದೇ. ಸೆಟ್‌ಟಾಪ್ ಬಾಕ್ಸಿನ ಹಳೆ ಕೇಬಲನ್ನು ಇದಕ್ಕೆ ಹಾಕಬೇಡಿ. ಗೋಡೆಯೊಳಗೆ ಪೈಪಿನಲ್ಲಿ ಎಳೆಸಿದ ಐದಾರು ಮೀಟರ್ ಕೇಬಲ್ ಇದ್ದರೆ ಮೊದಲ ಶಂಕೆ ಅದರ ಮೇಲೆಯೇ ಇರಲಿ. ಉದ್ದ ಹೆಚ್ಚಿದಷ್ಟೂ ಸಿಗ್ನಲ್ ಸೊರಗುತ್ತದೆ.

ಪೋರ್ಟ್: ಎಲ್ಲ ಎಚ್‌ಡಿಎಂಐ ಪೋರ್ಟ್‌ಗಳೂ ಒಂದೇ ಅಲ್ಲ. ಹಲವು ಸೋನಿ ಟಿವಿಗಳಲ್ಲಿ 4ಕೆ 120 ಸಿಗುವುದು 3 ಮತ್ತು 4ನೇ ಪೋರ್ಟ್‌ಗಳಲ್ಲಿ ಮಾತ್ರ. ಪೋರ್ಟ್ ಪಕ್ಕದಲ್ಲಿ 4ಕೆ 120 ಅಥವಾ ಗೇಮ್ ಎಂದು ಅಚ್ಚಾಗಿರುವುದನ್ನು ನೋಡಿ ಚುಚ್ಚಿ. ನಡುವೆ ಹಳೆ ಸೌಂಡ್‌ಬಾರ್ ಅಥವಾ ಹೋಮ್ ಥಿಯೇಟರ್ ಇದ್ದರೆ ಕನ್ಸೋಲನ್ನು ನೇರ ಟಿವಿಗೆ ಜೋಡಿಸಿ. ದನಿಯನ್ನು ಟಿವಿಯ ಇಎಆರ್‌ಸಿ ಪೋರ್ಟ್‌ನಿಂದ ಹೊರಗೆ ತೆಗೆಯಿರಿ.

ಪೋರ್ಟ್ ತೆರೆಯುವುದು: ಹಲವು ಟಿವಿಗಳಲ್ಲಿ ಪೋರ್ಟ್ ಕಾರ್ಖಾನೆಯಿಂದ ಬರುವಾಗಲೇ ಹಳೆಯ, ಕಿರಿದಾದ ರೂಪದಲ್ಲಿ ಇರುತ್ತದೆ. ಆ ರೂಪಕ್ಕೆ 10.2 ಜಿಬಿಪಿಎಸ್ ಮಾತ್ರ ಮಿತಿ. 4ಕೆ 60 ಚಿತ್ರ 8 ಬಿಟ್‌ನಲ್ಲಿ (ಬಿಟ್ ಹೆಚ್ಚಿದಷ್ಟೂ ಬಣ್ಣದ ಮೆಟ್ಟಿಲುಗಳು ನಯ), ಬಣ್ಣದ ವಿವರ ಇಳಿಸಿಕೊಂಡು ಹೇಗೋ ತೂರುತ್ತದೆ. ಎಚ್‌ಡಿಆರ್‌ಗೆ ಬೇಕಾದ 10 ಬಿಟ್ ತೂರುವುದಿಲ್ಲ. ಆಗ ಕನ್ಸೋಲ್ "ಈ ಟಿವಿಗೆ ಎಚ್‌ಡಿಆರ್ ಇಲ್ಲ" ಎಂದುಬಿಡುತ್ತದೆ.

ತೆರೆಯಬೇಕಾದ ಸೆಟ್ಟಿಂಗ್‌ಗೆ ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಹಳೆಯವುಗಳಲ್ಲಿ ಎಚ್‌ಡಿಎಂಐ ಯುಎಚ್‌ಡಿ ಕಲರ್. ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್. ಸೋನಿಯಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್, ಅದರಲ್ಲಿ ಎನ್‌ಹ್ಯಾನ್ಸ್ಡ್. ಬೇರೆ ಕಂಪನಿಗಳಲ್ಲಿ ಎಚ್‌ಡಿಎಂಐ ವರ್ಶನ್, ಎಚ್‌ಡಿಎಂಐ ಫಾರ್ಮ್ಯಾಟ್ ಅಥವಾ ಇಡಿಐಡಿ ಎಂಬ ಹೆಸರಿನಲ್ಲಿ ಹುಡುಕಿ, 2.0 ಅಥವಾ 2.1 ಆರಿಸಿ. ಇದು ಪೋರ್ಟಿಗೊಂದರಂತೆ ಪ್ರತ್ಯೇಕ. 1ನೇ ಪೋರ್ಟಿಗೆ ಮಾಡಿ 2ನೇ ಪೋರ್ಟಿಗೆ ಕನ್ಸೋಲ್ ಚುಚ್ಚಿದರೆ ಮಾಡಿದ ಕೆಲಸ ನೀರಿನಲ್ಲಿ ಹೋಮ.

ಹಂತ 3: ಟಿವಿಯ ಚಿತ್ರ

ಒಂದು ವಿಷಯ ಮನಸ್ಸಿನಲ್ಲಿರಲಿ. ಸಾಮಾನ್ಯ ಚಿತ್ರದ ಸೆಟ್ಟಿಂಗ್ ಬೇರೆ, ಎಚ್‌ಡಿಆರ್ ಚಿತ್ರದ ಸೆಟ್ಟಿಂಗ್ ಬೇರೆ. ಎಚ್‌ಡಿಆರ್ ಸಿಗ್ನಲ್ ಬರುತ್ತಿರುವಾಗ ಮಾತ್ರ ಎರಡನೆಯದಕ್ಕೆ ಕೈ ಹಾಕಲು ಆಗುತ್ತದೆ. ಆದ್ದರಿಂದ ಮೊದಲು ಎಚ್‌ಡಿಆರ್ ಗೇಮ್ ಒಂದನ್ನು ಓಡಿಸಿ, ಟಿವಿಯ ಮೂಲೆಯಲ್ಲಿ ಎಚ್‌ಡಿಆರ್ ಗುರುತು ಮೂಡಿದ್ದನ್ನು ಕಂಡ ಮೇಲೆ ರಿಮೋಟ್ ಎತ್ತಿಕೊಳ್ಳಿ.

ಪಿಕ್ಚರ್ ಮೋಡ್ ಗೇಮ್ ಆಗಿರಲಿ. ವಿವಿಡ್, ಡೈನಮಿಕ್ ಬೇಡ. ಅವು ಬಣ್ಣ ಸುರಿದು ವಿವರ ನುಂಗುತ್ತವೆ, ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಂಡದ್ದಕ್ಕೂ ನಡುವೆ ತಡವಾಗುತ್ತದೆ.

ವಿದ್ಯುತ್ ಉಳಿತಾಯದ್ದೆಲ್ಲ ಆಫ್: ಎನರ್ಜಿ ಸೇವಿಂಗ್, ಇಕೊ, ಕೋಣೆಯ ಬೆಳಕು ನೋಡಿ ತಾನೇ ಹೊಂದಿಕೊಳ್ಳುವ ಎಐ ಬ್ರೈಟ್‌ನೆಸ್ ಅಥವಾ ಬ್ರೈಟ್‌ನೆಸ್ ಆಪ್ಟಿಮೈಸೇಶನ್. ಹಲವು ಟಿವಿಗಳಲ್ಲಿ ಇವು ಆರಂಭದಿಂದಲೇ ಆನ್ ಇರುತ್ತವೆ. "ಎಚ್‌ಡಿಆರ್ ಮಂಕು" ಎಂಬ ದೂರು ಇಲ್ಲೇ ಅರ್ಧ ಕರಗುತ್ತದೆ.

ಬ್ಯಾಕ್‌ಲೈಟ್ ಅಥವಾ ಒಎಲ್‌ಇಡಿ ಬ್ರೈಟ್‌ನೆಸ್ ಗರಿಷ್ಠಕ್ಕೆ. ಲೋಕಲ್ ಡಿಮ್ಮಿಂಗ್ ಹೈ. ಕಾಂಟ್ರಾಸ್ಟ್ ಎಚ್‌ಡಿಆರ್ ಮೋಡ್‌ನಲ್ಲಿ ಬಂದ ಹಾಗೆಯೇ ಬಿಡಿ. ಬ್ಲ್ಯಾಕ್ ಲೆವೆಲ್ ಮುಟ್ಟಬೇಡಿ. ಕತ್ತಲಲ್ಲಿ ಕಾಣುವುದಿಲ್ಲವೆಂದು ಅದನ್ನು ಏರಿಸುವುದು ದೊಡ್ಡ ತಪ್ಪು, ಏಕೆಂದರೆ ಕತ್ತಲಿನ ಜೊತೆಗೆ ಇಡೀ ಚಿತ್ರವೇ ಮಂಜು ಕವಿದಂತಾಗುತ್ತದೆ. ಬಣ್ಣದ ಟೆಂಪರೇಚರ್ ವಾರ್ಮ್. ಎರಡು ದಿನ ಹಳದಿ ಅನ್ನಿಸುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ. ಶಾರ್ಪ್‌ನೆಸ್ ತಳಕ್ಕೆ. ಸೋನಿಯಲ್ಲಿ ಮಾತ್ರ 50 ಎಂಬುದೇ ಏನೂ ಸೇರಿಸದ ಸ್ಥಾನ.

ಹಂತ 4: ಟಿವಿಯ ಟೋನ್ ಮ್ಯಾಪಿಂಗ್ ಸುಮ್ಮನಾಗಿಸಿ

ಈ ಹಂತವನ್ನು ಬಿಟ್ಟವರೇ ಮುಂದಿನ ಅಳತೆಯಲ್ಲಿ ಸೋಲುತ್ತಾರೆ.

ಎಚ್‌ಜಿಐಜಿ ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಗೇಮ್ ತಯಾರಕರೂ ಟಿವಿ ತಯಾರಕರೂ ಕೂಡಿ ಮಾಡಿಕೊಂಡ ಮಾರ್ಗಸೂಚಿಯ ಹೆಸರದು. ಆ ಆಯ್ಕೆಯಲ್ಲಿ ಟಿವಿ ತನ್ನ ತಾಕತ್ತಿನವರೆಗೆ ಬಂದ ಸಿಗ್ನಲನ್ನು ಬಂದಂತೆ ತೋರಿಸಿ, ಅದರಾಚೆಯದನ್ನು ಕತ್ತರಿಸುತ್ತದೆ. ಎಲ್‌ಜಿಯಲ್ಲಿ ಇದು ಟೋನ್ ಮ್ಯಾಪಿಂಗ್ ಪಟ್ಟಿಯೊಳಗೆ ಆನ್, ಆಫ್‌ಗಳ ಜೊತೆಗೇ ಇದೆ. ಸ್ಯಾಮ್‌ಸಂಗ್‌ನ ಹೊಸ ಟಿವಿಗಳಲ್ಲಿ ಗೇಮ್ ಎಚ್‌ಡಿಆರ್ ಎಂಬಲ್ಲಿ ಹುಡುಕಿ. ಸಿಗದಿದ್ದರೆ ಟೋನ್ ಮ್ಯಾಪಿಂಗ್ ಸ್ಟ್ಯಾಟಿಕ್ ಮಾಡಿ, ಕಾಂಟ್ರಾಸ್ಟ್ ಎನ್‌ಹ್ಯಾನ್ಸರ್ ಆಫ್ ಇಡಿ. ಸೋನಿಯಲ್ಲಿ ಬ್ರೈಟ್‌ನೆಸ್ ಪ್ರಿಫರ್ಡ್ ಬಿಟ್ಟು ಗ್ರೇಡೇಶನ್ ಪ್ರಿಫರ್ಡ್ ಆರಿಸಿ. ಬೇರೆ ಟಿವಿಗಳಲ್ಲಿ ಡೈನಮಿಕ್ ಟೋನ್ ಮ್ಯಾಪಿಂಗ್ ಎಂಬುದು ಕಂಡರೆ ಆಫ್ ಮಾಡಿ.

ಯಾಕೆಂದರೆ ಡೈನಮಿಕ್ ಟೋನ್ ಮ್ಯಾಪಿಂಗ್ ಆನ್ ಇದ್ದಾಗ ಕನ್ಸೋಲ್ ಎಷ್ಟೇ ಪ್ರಖರವಾದ ಗುರುತು ಕಳಿಸಲಿ, ಟಿವಿ ಅದನ್ನು ಕುಗ್ಗಿಸಿ ತೋರಿಸುತ್ತಲೇ ಇರುತ್ತದೆ. ಗುರುತು ಮರೆಯಾಗುವುದೇ ಇಲ್ಲ. ನೀವು ಗುಂಡಿ ಒತ್ತುತ್ತಾ ಹೋಗುತ್ತೀರಿ. 500 ನಿಟ್ಸ್ ಟಿವಿಗೆ ಸಾವಿರಾರು ನಿಟ್ಸ್ ಇದೆ ಎಂದು ಕನ್ಸೋಲ್ ನಂಬಿಬಿಡುತ್ತದೆ, ಅದೇ ನಂಬಿಕೆಯ ಮೇಲೆ ಪ್ರತಿ ಗೇಮನ್ನೂ ತೋರಿಸುತ್ತದೆ.

ಹಂತ 5: ಕನ್ಸೋಲಿನ ಔಟ್‌ಪುಟ್

ಪಿಎಸ್‌5ರಲ್ಲಿ ಸೆಟ್ಟಿಂಗ್ಸ್, ಸ್ಕ್ರೀನ್ ಅಂಡ್ ವಿಡಿಯೊ, ವಿಡಿಯೊ ಔಟ್‌ಪುಟ್‌ಗೆ ಹೋಗಿ. ಎಚ್‌ಡಿಆರ್ ಎಂಬಲ್ಲಿ ಆನ್ ವೆನ್ ಸಪೋರ್ಟೆಡ್ ಆರಿಸಿ. ಆಲ್ವೇಸ್ ಆನ್ ಇಟ್ಟರೆ ಸಾಮಾನ್ಯ ಚಿತ್ರದ ಹಳೆ ಗೇಮ್‌ಗಳೂ ಎಚ್‌ಡಿಆರ್ ಅಂಗಿ ತೊಟ್ಟು ಬರುತ್ತವೆ, ಕೆಲವು ಸಪ್ಪೆಯಾಗಿ ಕಾಣುತ್ತವೆ. ಆರ್‌ಜಿಬಿ ರೇಂಜ್ ಆಟೊಮ್ಯಾಟಿಕ್, 4ಕೆ ವಿಡಿಯೊ ಟ್ರಾನ್ಸ್‌ಫರ್ ರೇಟ್ ಆಟೊಮ್ಯಾಟಿಕ್.

ಅಲ್ಲೇ ಮೇಲಿರುವ ಮಾಹಿತಿ ಪುಟ ತೆರೆದರೆ ಕನ್ಸೋಲ್ ಈಗ ಏನು ಕಳಿಸುತ್ತಿದೆ, ಟಿವಿ ಏನು ಒಪ್ಪುತ್ತದೆ ಎಂಬುದು ಕಾಣುತ್ತದೆ. ಟಿವಿಯ ಸಾಲಿನಲ್ಲಿ 4ಕೆ 60 ಎಚ್‌ಡಿಆರ್ ಇಲ್ಲದಿದ್ದರೆ ಹಂತ 2ಕ್ಕೆ ಮರಳಿ. ಎಚ್‌ಡಿಆರ್ ಗೇಮ್ ಓಡುವಾಗ ಆರ್‌ಜಿಬಿ ಬದಲು ವೈಯುವಿ422 ಎಂದು ಕಂಡರೆ ಗಾಬರಿ ಬೇಡ. 4ಕೆ 60 ಚಿತ್ರ 10 ಬಿಟ್ ಆರ್‌ಜಿಬಿಯಲ್ಲಿ 22 ಜಿಬಿಪಿಎಸ್ ದಾಟುತ್ತದೆ, 18ರ ಪೋರ್ಟಿನಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಬಣ್ಣದ ವಿವರವನ್ನು ತುಸು ಇಳಿಸಿ ಕಳಿಸುತ್ತದೆ. ಸೋಫಾದ ಮೇಲೆ ಕೂತವರಿಗೆ ವ್ಯತ್ಯಾಸ ತಿಳಿಯದು.

ಎಕ್ಸ್‌ಬಾಕ್ಸ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಟಿವಿ ಅಂಡ್ ಡಿಸ್‌ಪ್ಲೇ ಆಪ್ಶನ್ಸ್. ಅಲ್ಲಿನ 4ಕೆ ಟಿವಿ ಡೀಟೇಲ್ಸ್ ಪುಟ ಯಾವುದು ಸಾಧ್ಯ, ಯಾವುದು ಇಲ್ಲ ಎಂಬುದನ್ನು ಸಾಲು ಸಾಲಾಗಿ ಹೇಳುತ್ತದೆ. ವಿಡಿಯೊ ಮೋಡ್ಸ್‌ನಲ್ಲಿ ಅಲೋ ಎಚ್‌ಡಿಆರ್10, ಅಲೋ ವೈಸಿಸಿ 4:2:2, ಅಲೋ ಆಟೊ ಲೋ ಲೇಟೆನ್ಸಿ ಮೋಡ್ ಮೂರಕ್ಕೂ ಗುರುತು ಹಾಕಿ. ಎಚ್‌ಡಿಆರ್‌ನ ಇನ್ನೊಂದು ರೂಪವಾದ ಡಾಲ್ಬಿ ವಿಶನ್‌ನ ಗೇಮಿಂಗ್ ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲ್‌ಗಳಿಗಿದೆ, ಪಿಎಸ್‌5ಗೆ ಇಲ್ಲ. ಡಾಲ್ಬಿ ವಿಶನ್ ಆನ್ ಆದಾಗ ನಿಮ್ಮ ಟಿವಿ ಗೇಮ್ ಮೋಡ್ ಬಿಟ್ಟುಕೊಟ್ಟು ನಿಯಂತ್ರಣ ಜಡವಾದರೆ, ಗೇಮ್‌ಗಳಿಗೆ ಮಾತ್ರ ಅದನ್ನು ಆಫ್ ಮಾಡುವ ಆಯ್ಕೆ ಅಲ್ಲೇ ಇದೆ. ಸಾಮಾನ್ಯ ಚಿತ್ರದ ಹಳೆ ಗೇಮ್‌ಗಳನ್ನು ತಾನೇ ಎಚ್‌ಡಿಆರ್‌ಗೆ ಬದಲಿಸುವ ಆಟೊ ಎಚ್‌ಡಿಆರ್, ಬೆಳಕು ಕಡಿಮೆಯಿರುವ ಟಿವಿಗೆ ಬೇಡ.

ಹಂತ 6: ಬೆಳಕಿನ ಅಳತೆ

ಪಿಎಸ್‌5ರಲ್ಲಿ ಅಡ್ಜಸ್ಟ್ ಎಚ್‌ಡಿಆರ್, ಎಕ್ಸ್‌ಬಾಕ್ಸ್‌ನಲ್ಲಿ ಕ್ಯಾಲಿಬ್ರೇಟ್ ಎಚ್‌ಡಿಆರ್ ಫಾರ್ ಗೇಮ್ಸ್. ಪರದೆ ತೆರೆದೊಡನೆ ಟಿವಿ ಗೇಮ್ ಮೋಡ್‌ನಲ್ಲೇ ಇದೆಯೇ, ಎಚ್‌ಡಿಆರ್ ಗುರುತು ಇದೆಯೇ ಎಂದು ರಿಮೋಟಿನಿಂದ ಖಚಿತಪಡಿಸಿಕೊಳ್ಳಿ.

ಸಾಲು ಹಿಂದೆಮುಂದೆ ಇದ್ದರೂ ಎರಡರಲ್ಲೂ ಅಳತೆ ಮೂರೇ. ಒಂದು, ಪರದೆಯ ಸಣ್ಣ ಭಾಗ ಎಷ್ಟು ಪ್ರಖರವಾಗಬಲ್ಲದು. ಎರಡು, ಇಡೀ ಪರದೆ ಬೆಳ್ಳಗಾದಾಗ ಎಷ್ಟು. ಮೂರು, ಎಷ್ಟು ಕಪ್ಪನೆಯ ವಿವರದವರೆಗೆ ಕಣ್ಣಿಗೆ ಕಾಣುತ್ತದೆ. ಮೊದಲೆರಡೂ ಒಂದೇ ಎಂದು ಭಾವಿಸಬೇಡಿ. ಒಎಲ್‌ಇಡಿಯಲ್ಲಿ ಸಣ್ಣ ಭಾಗ ಬಹಳ ಪ್ರಖರವಾಗುತ್ತದೆ, ಇಡೀ ಪರದೆ ಬೆಳ್ಳಗಾದರೆ ಟಿವಿ ತನ್ನನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಪ್ರಖರತೆಯ ಪರದೆಗಳಲ್ಲಿ ಮೊದಲು ಗುರುತು ಸ್ಪಷ್ಟವಾಗಿ ಕಾಣುವಷ್ಟು ಕೆಳಗಿಳಿಸಿ. ಅಲ್ಲಿಂದ ಒಂದೊಂದೇ ಸಲ ಒತ್ತುತ್ತಾ, ಪ್ರತಿ ಒತ್ತಿಗೂ ಎರಡು ಸೆಕೆಂಡ್ ತಡೆದು ನೋಡಿ. ಗುಂಡಿ ಒತ್ತಿ ಹಿಡಿದರೆ ಸರಿಯಾದ ಜಾಗ ದಾಟಿಹೋಗುತ್ತದೆ. ಗುರುತು ಮರೆಯಾದ ಮೊದಲ ಒತ್ತಿನಲ್ಲಿ ನಿಲ್ಲಿ. ಟಿವಿ ತೋರಿಸಬಲ್ಲ ಬೆಳಕು ಅಲ್ಲಿಗೆ ಮುಗಿಯಿತು ಎಂದು ಅದರ ಅರ್ಥ. ಅಲ್ಲಿಂದಾಚೆಗೆ ಒತ್ತಿದ್ದೆಲ್ಲ ಕನ್ಸೋಲಿಗೆ ಹೇಳಿದ ಸುಳ್ಳು. ಹೆಚ್ಚು ಇಟ್ಟರೆ ಹೆಚ್ಚು ಬೆಳಕು ಬರುತ್ತದೆ ಎಂದುಕೊಂಡು ಪೂರ್ತಿ ಏರಿಸುವವರ ಟಿವಿಯಲ್ಲಿಯೇ ಮೋಡಗಳು ಬಿಳಿ ಮುದ್ದೆಯಾಗುವುದು.

ಕಪ್ಪಿನ ಪರದೆಯಲ್ಲಿ ಗುರುತು ಕಂಡೂ ಕಾಣದ ಹಾಗೆ ಇರಲಿ. ಒಎಲ್‌ಇಡಿಯಾದರೆ ತೀರ ತಳಕ್ಕೆ ಇಳಿಸಿದರೂ ನಡೆಯುತ್ತದೆ.

ಗುರುತು ಕೊನೆಯವರೆಗೂ ಮರೆಯಾಗಲೇ ಇಲ್ಲವೇ? ಟಿವಿಯ ಟೋನ್ ಮ್ಯಾಪಿಂಗ್ ಇನ್ನೂ ಎದ್ದೇ ಇದೆ. ಹಂತ 4ಕ್ಕೆ ಹೋಗಿ. ಅಂಥ ಸೆಟ್ಟಿಂಗೇ ಟಿವಿಯಲ್ಲಿ ಇಲ್ಲದಿದ್ದರೆ, ಗುರುತು ಇನ್ನು ಹೆಚ್ಚು ಬೆಳಗುತ್ತಿಲ್ಲ ಅನ್ನಿಸಿದ ಜಾಗದಲ್ಲಿ ನಿಲ್ಲಿಸಿ.

ಹಂತ 7: ಗೇಮ್‌ನೊಳಗೆ

ಕೆಲವು ಗೇಮ್‌ಗಳು ಕನ್ಸೋಲಿನ ಅಳತೆಯನ್ನು ತಾವೇ ಓದಿಕೊಳ್ಳುತ್ತವೆ. ಇನ್ನು ಕೆಲವು ತಮ್ಮದೇ ಸ್ಲೈಡರ್ ಇಟ್ಟುಕೊಂಡು, ಕನ್ಸೋಲ್ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೊಸ ಗೇಮ್ ಹಾಕಿದಾಗೆಲ್ಲ ಡಿಸ್‌ಪ್ಲೇ ಪುಟವನ್ನು ಒಮ್ಮೆ ನೋಡಿ.

ಪೀಕ್ ಬ್ರೈಟ್‌ನೆಸ್ ಎಂದಿದ್ದರೆ ನಿಮ್ಮ ಟಿವಿಯ ನಿಜವಾದ ನಿಟ್ಸ್ ಕೊಡಿ. ಎಕ್ಸ್‌ಬಾಕ್ಸ್ ಇರಲಿ, ಪಿಎಸ್‌5 ಇರಲಿ, ಗೊತ್ತಿಲ್ಲದಿದ್ದರೆ ಹಂತ 6ರಂತೆ ಗುರುತು ಮರೆಯಾಗುವ ಜಾಗ ಹಿಡಿಯಿರಿ. ಪೇಪರ್ ವೈಟ್ ಎಂಬುದು ಬಿಳಿ ಗೋಡೆ, ಕಾಗದ, ಪರದೆಯ ಮೇಲಿನ ಅಕ್ಷರಗಳಂಥ ಸಾಮಾನ್ಯ ಬಿಳುಪಿನ ಮಟ್ಟ. ಪ್ರಸಾರ ಕ್ಷೇತ್ರಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಶಿಫಾರಸು 203 ನಿಟ್ಸ್. ರಾತ್ರಿ ಆಡುವವರಿಗೆ ಅದು ಚೆನ್ನ. ಟಿವಿಯ ತಾಕತ್ತೇ 300 ನಿಟ್ಸ್ ಆಗಿದ್ದರೆ 120ರಿಂದ 150ಕ್ಕೆ ಇಳಿಸಿ, ಇಲ್ಲವಾದರೆ ಗೋಡೆಗೂ ಸೂರ್ಯನಿಗೂ ವ್ಯತ್ಯಾಸವೇ ಉಳಿಯದು. ಹಗಲಲ್ಲಿ ಆಡುವ ಮನೆಯಲ್ಲಿ, ಟಿವಿ 600 ನಿಟ್ಸ್ ದಾಟುವಂತಿದ್ದರೆ 250ರಿಂದ 300ಕ್ಕೆ ಏರಿಸಬಹುದು. ಬಿಸಿಲಿನ ಪಡಸಾಲೆಗೆ ಮದ್ದು ಇದೇ ಸ್ಲೈಡರ್. ಕನ್ಸೋಲಿನ ಅಳತೆ ಕೆಡಿಸಬೇಡಿ.

ಕೊನೆಗೆ ಎರಡು ದೃಶ್ಯ ನೋಡಿ. ಬಯಲಿನಲ್ಲಿ ನಿಂತು ಸೂರ್ಯನ ಸುತ್ತಲಿನ ಮೋಡಕ್ಕೆ ಅಂಚು ಇದೆಯೇ? ಕತ್ತಲ ಕೋಣೆಯ ಮೂಲೆಯಲ್ಲಿ ವಸ್ತುವಿನ ಆಕಾರ ಗೊತ್ತಾಗುತ್ತದೆಯೇ? ಎರಡಕ್ಕೂ ಹೌದು ಎಂದರೆ ಚೀಟಿಯಲ್ಲಿ ಎಲ್ಲ ಸಂಖ್ಯೆ ಬರೆದು ಟಿವಿಯ ಹಿಂದೆ ಅಂಟಿಸಿ.

ಗುರುತು ನೋಡಿ ರೋಗ ಹಿಡಿಯುವುದು

ಪರದೆಯ ಮೇಲೆ ಬಿಳಿ ಚುಕ್ಕೆಗಳು ಮಿಣುಕಿದರೆ, ಅಥವಾ ಆಗಾಗ ಒಂದೆರಡು ಸೆಕೆಂಡ್ ಕಪ್ಪಾದರೆ ಕೇಬಲ್ ಸೋತಿದೆ. ಬದಲಿಸಿ. ಬೇರೆ ಕೇಬಲ್ ಸಿಗುವವರೆಗೆ ಪಿಎಸ್‌5ರ ಟ್ರಾನ್ಸ್‌ಫರ್ ರೇಟನ್ನು -1 ಅಥವಾ -2ಕ್ಕೆ ಇಳಿಸಿ ದಿನ ದೂಡಬಹುದು.

ಕಪ್ಪು ಬೂದಿಯಾಗಿ ಚಿತ್ರವೆಲ್ಲ ತೊಳೆದಿಟ್ಟಂತೆ ಕಂಡರೆ ಕನ್ಸೋಲ್ ಆರ್‌ಜಿಬಿ ರೇಂಜನ್ನು (ಕಪ್ಪಿನಿಂದ ಬಿಳುಪಿನವರೆಗಿನ ವ್ಯಾಪ್ತಿ) ಲಿಮಿಟೆಡ್ ಕಳಿಸುತ್ತಿದೆ, ಟಿವಿ ಫುಲ್ ಎಂದುಕೊಂಡಿದೆ. ಇದರ ತಿರುವುಮುರುವಾದರೆ ನೆರಳುಗಳು ಮಸಿ ಬಳಿದಂತಾಗುತ್ತವೆ. ಎರಡೂ ಕಡೆ ಆಟೊ ಮಾಡಿ. ಸಂಜೆಯ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಮೂಡಿದರೆ ಎಲ್ಲೋ 8 ಬಿಟ್ ನುಸುಳಿದೆ. ಪೋರ್ಟಿನ ಸೆಟ್ಟಿಂಗ್ ಮೊದಲು ನೋಡಿ. ಅದು ಸರಿಯಿದ್ದರೆ ಟಿವಿಯ ಪ್ಯಾನೆಲ್ ಮಿತಿಯೇ ಅಷ್ಟು.

ಎಚ್‌ಡಿಆರ್ ಚಿತ್ರದ ಮೊಬೈಲ್ ಫೋಟೊ ನೋಡಿ ಸರಿತಪ್ಪು ತೀರ್ಮಾನಿಸಬೇಡಿ. ಮೊಬೈಲ್ ಕ್ಯಾಮೆರಾ ತನ್ನದೇ ಲೆಕ್ಕದಲ್ಲಿ ಬೆಳಕು ಕುಗ್ಗಿಸುತ್ತದೆ.

ಕರೆಂಟು, ಬಿಸಿಲು, ದೂಳು

ನಿನ್ನೆ ಸರಿಯಿದ್ದ ಎಚ್‌ಡಿಆರ್ ಇವತ್ತು ಮಾಯವಾಗಿದ್ದರೆ ನಡುವೆ ಕರೆಂಟ್ ಹೋಗಿ ಬಂದಿತ್ತೇ ನೆನಪಿಸಿಕೊಳ್ಳಿ. ಟಿವಿ ಇನ್ವರ್ಟರ್ ಮೇಲೆ, ಕನ್ಸೋಲ್ ನೇರ ಲೈನಿನ ಮೇಲೆ ಇರುವ ಮನೆಗಳಲ್ಲಿ ಇದು ಆಗುವುದುಂಟು. ಒಂದು ಆರಿ ಒಂದು ಉರಿಯುತ್ತಿದ್ದಾಗ ಎರಡರ ನಡುವಿನ ಮಾತುಕತೆ ಹರಿದುಹೋಗುತ್ತದೆ. ಎರಡನ್ನೂ ಆಫ್ ಮಾಡಿ, ಪ್ಲಗ್ ಕಿತ್ತು ಒಂದು ನಿಮಿಷ ಬಿಡಿ. ಮೊದಲು ಟಿವಿ ಹಾಕಿ, ಚಿತ್ರ ಬಂದ ಮೇಲೆ ಕನ್ಸೋಲ್ ಹಾಕಿ. ಹೊಸದಾಗಿ ಅಳತೆ ಮಾಡುವ ಅಗತ್ಯವಿಲ್ಲ.

ಪಿಎಸ್‌5 ಕೆಲಸ ಮಾಡಲು ಕಂಪನಿ ಹೇಳಿರುವ ಉಷ್ಣತೆ 5ರಿಂದ 35 ಡಿಗ್ರಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುವುದು ಹೊಸದೇನಲ್ಲ, ತಾರಸಿ ಮನೆಯ ಮೇಲಂತಸ್ತು ಒಲೆಯಂತೆ ಕಾಯುತ್ತದೆ. ಗೋಡೆಯಿಂದ 10 ಸೆಂಟಿಮೀಟರ್ ದೂರ ಇಡಿ, ಶೋಕೇಸಿನ ಗಾಜಿನ ಬಾಗಿಲೊಳಗೆ ತುರುಕಬೇಡಿ. ಸಂಡೂರು, ತೋರಣಗಲ್ಲಿನ ಕೆಂಪು ದೂಳು, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ಹೊಟ್ಟಿನ ದೂಳು ಗಾಳಿಕಿಂಡಿಯಲ್ಲಿ ಕೂತರೆ ಫ್ಯಾನ್ ಅರಚತೊಡಗುತ್ತದೆ. ಹದಿನೈದು ದಿನಕ್ಕೊಮ್ಮೆ ಒಣ ಬ್ರಶ್‌ನಿಂದ ತೆಗೆಯಿರಿ. ಟಿವಿ ಪರದೆಯನ್ನು ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ. ತೆಳು ದೂಳಿನ ಪದರವೂ ಎದುರು ಬೆಳಕನ್ನು ಚದುರಿಸಿ ಕಪ್ಪನ್ನು ಬೂದಿಯಾಗಿಸುತ್ತದೆ.

ಟಿವಿಯ ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಪೋರ್ಟಿನ ರೂಪ, ಎನರ್ಜಿ ಸೇವಿಂಗ್, ಟೋನ್ ಮ್ಯಾಪಿಂಗ್ ಮೂರನ್ನೂ ಚೀಟಿಯ ಜೊತೆ ತಾಳೆ ನೋಡಿ. ಬದಲಾದದ್ದು ಮೊದಲೆರಡು ಮಾತ್ರವಾದರೆ ಮರಳಿ ಹಾಕಿದರೆ ಸಾಕು. ಟೋನ್ ಮ್ಯಾಪಿಂಗ್ ಆಯ್ಕೆಯ ಹೆಸರೇ ಬದಲಾಗಿದ್ದರೆ ಅಥವಾ ಹೊಸದೊಂದು ಸೇರಿದ್ದರೆ, ಆ ರಾತ್ರಿ ಹಂತ 4ರಿಂದ ಮತ್ತೆ ಕೂರಿ.